ಗ್ರ್ಯಾಮಿ ಗೆದ್ದವರ ಪಟ್ಟಿ ಓದುವುದು ಹೇಗೆ?

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಮಂಗಳೂರು, ಉಡುಪಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಗ್ರ್ಯಾಮಿ ಸುದ್ದಿ ಓಡಾಡಲು ಶುರುವಾಗುತ್ತದೆ. ‘ಭಾರತಕ್ಕೆ ಗ್ರ್ಯಾಮಿ’ ಎಂದು ಒಬ್ಬರು ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ‘ನಮ್ಮ ಕರಾವಳಿಯವರೂ ಆ ಆಲ್ಬಂನಲ್ಲಿ ಇದ್ದಾರಂತೆ’ ಎಂದು ಇನ್ನೊಬ್ಬರು. ಮಧ್ಯಾಹ್ನದೊಳಗೆ ಅಭಿನಂದನೆಯ ಪೋಸ್ಟರ್ ತಯಾರು. ಸಂಜೆಗೆ ಸನ್ಮಾನದ ದಿನಾಂಕವೂ ಗೊತ್ತಾಗಿರುತ್ತದೆ. ಈ ನಡುವೆ ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಗೆದ್ದದ್ದು ಯಾರು, ಯಾವ ಕೆಲಸಕ್ಕೆ?

ಇದು ಕುಹಕದ ಪ್ರಶ್ನೆ ಅಲ್ಲ. ಗ್ರ್ಯಾಮಿಯಲ್ಲಿ ಒಂದೇ ಹಾಡಿಗೆ ಒಬ್ಬರು ಗೆದ್ದು ಇನ್ನೊಬ್ಬರು ಗೆಲ್ಲದೆ ಇರಬಹುದು. ಒಂದೇ ಆಲ್ಬಂ ಎರಡು ಬೇರೆ ಬೇರೆ ವರ್ಷ ಗೆಲ್ಲಬಹುದು. ಗೆದ್ದ ಆಲ್ಬಂನಲ್ಲಿ ನುಡಿಸಿದವರ ಕೈಗೆ ಟ್ರೋಫಿಯ ಬದಲು ಒಂದು ಸರ್ಟಿಫಿಕೇಟ್ ಮಾತ್ರ ಬರಬಹುದು. ನಿಯಮ ಗೊತ್ತಿಲ್ಲದಿದ್ದರೆ ಎಲ್ಲವೂ ‘ಗ್ರ್ಯಾಮಿ ವಿಜೇತ’ ಎಂಬ ಒಂದೇ ಬ್ಯಾನರ್ ಆಗಿಬಿಡುತ್ತದೆ.

ಮೊದಲು ಹೊತ್ತಿನ ವಿಷಯ ಮುಗಿಸೋಣ. ಟಿವಿಯಲ್ಲಿ ಬರುವ ಸಮಾರಂಭ ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಸಂಜೆ 5ಕ್ಕೆ. ನಮಗಾಗ ಸೋಮವಾರ ಬೆಳಿಗ್ಗೆ 6:30. ಆದರೆ ಅಲ್ಲಿ ಕೊಡುವುದು ದೊಡ್ಡ ಹೆಸರಿನ ಕೆಲವೇ ಪ್ರಶಸ್ತಿಗಳನ್ನು. ಉಳಿದ ಬಹುಪಾಲು ಪ್ರಶಸ್ತಿಗಳನ್ನು ಅದೇ ಮಧ್ಯಾಹ್ನ ಬೇರೊಂದು ಕಾರ್ಯಕ್ರಮದಲ್ಲಿ ಕೊಟ್ಟು ಮುಗಿಸಿರುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ನಸುಕಿನ 2 ಗಂಟೆ. ಭಾರತೀಯರು ಸಾಮಾನ್ಯವಾಗಿ ಗೆಲ್ಲುವ ವಿಭಾಗಗಳೆಲ್ಲ ಇದರಲ್ಲೇ ಬರುತ್ತವೆ. ಹಾಗಾಗಿ ನಾವು ನೀರುದೋಸೆ ತಿನ್ನುತ್ತಾ ಟಿವಿ ಹಾಕುವಾಗ ನಮ್ಮವರ ಫಲಿತಾಂಶ ಬಂದು ಗಂಟೆಗಟ್ಟಲೆ ಆಗಿರುತ್ತದೆ.

ಗ್ರ್ಯಾಮಿ ಕೊಡುವುದು ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿ. 1957ರಲ್ಲಿ ಶುರುವಾದ ಸಂಸ್ಥೆ. ಮೊದಲ ಸಮಾರಂಭ ನಡೆದದ್ದು 1959ರ ಮೇ 4ರಂದು. ಆಗ ಇದ್ದದ್ದು 28 ವಿಭಾಗ, 2025ರ ಹೊತ್ತಿಗೆ 94. ಹೆಸರೇ ಹೇಳುವಂತೆ ಇದು ರೆಕಾರ್ಡಿಂಗ್‌ಗೆ ಕೊಡುವ ಪ್ರಶಸ್ತಿ. ಜೀವಮಾನ ಸಾಧನೆಗೆ ಬೇರೆ ಗೌರವಗಳಿವೆ, ಅವು ಸ್ಪರ್ಧೆಯವಲ್ಲ. ರಾತ್ರಿ ಪೂರ್ತಿ ಬಯಲಲ್ಲಿ ನಡೆದ ಯಕ್ಷಗಾನದ ಆಟ, ದೇವಸ್ಥಾನದ ಅಂಗಳದ ಕಛೇರಿ, ಎಷ್ಟೇ ಅದ್ಭುತವಾಗಿದ್ದರೂ ರೆಕಾರ್ಡಿಂಗ್ ಆಗಿ ಹೊರಬರದಿದ್ದರೆ ಲೆಕ್ಕಕ್ಕಿಲ್ಲ. ಹೊರಬಂದದ್ದೂ ಆಯಾ ಅವಧಿಯೊಳಗೆ ಅಮೆರಿಕದ ಮಾರುಕಟ್ಟೆಯಲ್ಲಿ ಬಿಡುಗಡೆ ಆಗಿರಬೇಕು. ಮತ್ತೆ ಅದನ್ನು ಯಾರಾದರೂ ಸ್ಪರ್ಧೆಗೆ ಸಲ್ಲಿಸಿರಬೇಕು. ತಾನಾಗಿ ಬಂದು ಯಾರೂ ಹುಡುಕುವುದಿಲ್ಲ. ಬಂಟ್ವಾಳದ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಪಾಶ್ಚಾತ್ಯ ವಾದ್ಯವಾದ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಗಮಕ ನುಡಿಸಿ ತೋರಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆ ಹತ್ತಿದರು, 2004ರಲ್ಲಿ ಪದ್ಮಶ್ರೀ ಬಂತು. ಗ್ರ್ಯಾಮಿ ಇಲ್ಲ. ಅವರ ದೊಡ್ಡಸ್ತಿಕೆಗೆ ಅದರಿಂದ ಏನೂ ಕಮ್ಮಿ ಆಗಿಲ್ಲ, ಅಲ್ವಾ?

ಸಲ್ಲಿಸಿದ್ದು ಬೇರೆ, ನಾಮಿನೇಟ್ ಆದದ್ದು ಬೇರೆ

ನಮ್ಮಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿ. ಪ್ರತಿ ವರ್ಷ 20,000ಕ್ಕೂ ಹೆಚ್ಚು ಎಂಟ್ರಿಗಳು ಅಕಾಡೆಮಿಗೆ ಹೋಗುತ್ತವೆ. ಸಲ್ಲಿಸುವವರು ಅಕಾಡೆಮಿಯ ಸದಸ್ಯರು, ಇಲ್ಲವೇ ಅಲ್ಲಿ ನೋಂದಾಯಿಸಿಕೊಂಡ ಮ್ಯೂಸಿಕ್ ಕಂಪನಿಗಳು. ಎಂಟ್ರಿ ಸರಿಯಾದ ವಿಭಾಗದಲ್ಲಿದೆಯಾ, ದಿನಾಂಕ ಸರಿ ಇದೆಯಾ ಎಂದು ಪರಿಶೀಲನೆ ನಡೆಯುತ್ತದೆ. ಪಾಸಾದವು ಮೊದಲ ಸುತ್ತಿನ ಮತದಾನದ ಪಟ್ಟಿಗೆ ಸೇರುತ್ತವೆ. ಈ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ‘ಗ್ರ್ಯಾಮಿಗೆ ಪರಿಗಣನೆ’ ಎಂದು ಸುದ್ದಿ ಬರುತ್ತದೆ. ನಾಲ್ಕು ಕಡೆ ಫಾರ್ವರ್ಡ್ ಆಗುವಷ್ಟರಲ್ಲಿ ಅದು ‘ಗ್ರ್ಯಾಮಿಗೆ ನಾಮಿನೇಟ್’ ಎಂದಾಗಿರುತ್ತದೆ.

ನಿಜವಾದ ನಾಮಿನೇಷನ್ ಎಂದರೆ ಮೊದಲ ಸುತ್ತಿನ ಮತ ಎಣಿಸಿದ ಮೇಲೆ ಉಳಿಯುವವರು. ಸಾಮಾನ್ಯ ವಿಭಾಗಗಳಲ್ಲಿ 5 ಮಂದಿ. ವರ್ಷದ ಆಲ್ಬಂ, ವರ್ಷದ ರೆಕಾರ್ಡ್, ವರ್ಷದ ಹಾಡು, ಹೊಸ ಕಲಾವಿದ ಎಂಬ ನಾಲ್ಕು ದೊಡ್ಡ ವಿಭಾಗಗಳಲ್ಲಿ 8. ಅಷ್ಟೇ. ಇಪ್ಪತ್ತು ಸಾವಿರದಲ್ಲಿ ಒಂದಾಗುವುದಕ್ಕೂ ಐವರಲ್ಲಿ ಒಬ್ಬರಾಗುವುದಕ್ಕೂ ಇರುವ ಅಂತರ ನೋಡಿ. ಎರಡನೆಯದಕ್ಕೆ ಶಾಲು ಹೊದಿಸೋಣ, ಹಾರ ಹಾಕೋಣ, ತಪ್ಪಿಲ್ಲ. ಮೊದಲನೆಯದಕ್ಕೆ ಒಂದು ‘ಆಲ್ ದ ಬೆಸ್ಟ್’ ಸಾಕು ಮಾರಾಯ್ರೆ.

ಹಾಡು ಯಾರದ್ದು, ರೆಕಾರ್ಡ್ ಯಾರದ್ದು

ಈಗ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುವ ಸಂಗತಿ. ವರ್ಷದ ಹಾಡು ಮತ್ತು ವರ್ಷದ ರೆಕಾರ್ಡ್ ಎಂದು ಎರಡು ಪ್ರಶಸ್ತಿ ಇವೆ. ಎರಡರ ಪಟ್ಟಿಯಲ್ಲೂ ಅದದೇ ಹಾಡುಗಳು ಕಾಣುತ್ತವೆ. ಮತ್ತೆ ಎರಡು ಯಾಕೆ?

ಇದು ಕರಾವಳಿಯವರಿಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗಬೇಕು. ಯಕ್ಷಗಾನದ ಪ್ರಸಂಗವನ್ನು ತೆಗೆದುಕೊಳ್ಳಿ. ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳ ಪದ್ಯಗಳು ನೂರಾರು ವರ್ಷದಿಂದ ಹಾಗೇ ಇವೆ. ಪದ ಅದೇ, ತಾಳ ಅದೇ. ಆದರೆ ಬಲಿಪ ನಾರಾಯಣ ಭಾಗವತರ ಕಂಠದಲ್ಲಿ ಕೇಳಿದ ಪದ್ಯಕ್ಕೂ ಇನ್ನೊಬ್ಬ ಭಾಗವತರು ಹಾಡಿದ ಅದೇ ಪದ್ಯಕ್ಕೂ ಎಷ್ಟು ವ್ಯತ್ಯಾಸ! ಭಾಗವತರು ಎಲ್ಲಿ ಎಳೆದರು, ಎಲ್ಲಿ ಬಿಟ್ಟರು, ಮದ್ದಳೆ ಎಲ್ಲಿ ಮೆತ್ತಗಾಯಿತು, ಚೆಂಡೆ ಎಲ್ಲಿ ಮೇಲೆ ಬಂತು ಎಂಬುದರ ಮೇಲೆ ಆ ರಾತ್ರಿಯ ಪದ್ಯ ನಿಲ್ಲುತ್ತದೆ. ಪದ್ಯ ಕಟ್ಟಿದ ಪ್ರಸಂಗಕರ್ತನಿಗೆ ಕೊಡುವುದು ‘ವರ್ಷದ ಹಾಡು’. ಆ ರಾತ್ರಿ ಅದನ್ನು ಹಾಗೆ ಕೇಳಿಸಿದ ಹಿಮ್ಮೇಳಕ್ಕೆ, ಮೈಕ್ ಹಿಡಿದು ಧ್ವನಿ ಸರಿ ಮಾಡಿದವನನ್ನೂ ಸೇರಿಸಿ, ಕೊಡುವುದು ‘ವರ್ಷದ ರೆಕಾರ್ಡ್’.

ನಿಯಮದ ಭಾಷೆಯಲ್ಲಿ ಹೇಳುವುದಾದರೆ, ವರ್ಷದ ಹಾಡು ಬರೆದವರಿಗೆ ಮಾತ್ರ. ಸಾಹಿತ್ಯ ಬರೆದವರು, ರಾಗ ಹಾಕಿದವರು. ಹಾಡಿದವರು ಬರವಣಿಗೆಯಲ್ಲಿ ಇಲ್ಲದಿದ್ದರೆ ಅವರಿಗೆ ಇಲ್ಲ. ವರ್ಷದ ರೆಕಾರ್ಡ್ ಹಾಡಿದವರಿಗೆ, ಪ್ರೊಡ್ಯೂಸರ್‌ಗೆ, ರೆಕಾರ್ಡಿಂಗ್ ಎಂಜಿನಿಯರ್‌ಗೆ, ಮಿಕ್ಸಿಂಗ್ (ಬೇರೆ ಬೇರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) ಮತ್ತು ಮಾಸ್ಟರಿಂಗ್ (ಬಿಡುಗಡೆಗೆ ಮೊದಲಿನ ಕೊನೆಯ ಹದ) ಮಾಡಿದವರಿಗೆ. ಬರೆದವರಿಗೆ ಇಲ್ಲಿ ಜಾಗ ಇಲ್ಲ. ಇಲ್ಲಿ ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕಿದವರು ಎಂದುಕೊಳ್ಳಬೇಡಿ. ಸಿನಿಮಾದಲ್ಲಿ ಹಾಗಿರಬಹುದು. ಸಂಗೀತದಲ್ಲಿ ಪ್ರೊಡ್ಯೂಸರ್ ಎಂದರೆ ಆ ಹಾಡು ಕೊನೆಗೆ ಹೇಗೆ ಕೇಳಬೇಕು ಎಂದು ಕೂತು ತೀರ್ಮಾನಿಸುವವರು.

2024ರಲ್ಲಿ ಮೈಲಿ ಸೈರಸ್ ಅವರ ‘ಫ್ಲವರ್ಸ್’ ಎರಡೂ ವಿಭಾಗದಲ್ಲಿ ನಾಮಿನೇಟ್ ಆಗಿತ್ತು. ವರ್ಷದ ರೆಕಾರ್ಡ್ ಗೆದ್ದಿತು. ವರ್ಷದ ಹಾಡು ಮಾತ್ರ ಬಿಲ್ಲಿ ಐಲಿಶ್ ಮತ್ತು ಆಕೆಯ ಅಣ್ಣ ಫಿನಿಯಸ್ ಬರೆದ ಹಾಡಿಗೆ ಹೋಯಿತು. ಮತ ಹಾಕಿದವರಿಗೆ ಒಂದರ ಧ್ವನಿ ಇಷ್ಟವಾಯಿತು, ಇನ್ನೊಂದರ ಬರವಣಿಗೆ. ಮರುವರ್ಷ, 2025ರಲ್ಲಿ, ಎರಡನ್ನೂ ಕೆಂಡ್ರಿಕ್ ಲಮಾರ್ ಅವರ ‘ನಾಟ್ ಲೈಕ್ ಅಸ್’ ಒಂದೇ ಬಾಚಿಕೊಂಡಿತು.

ನಮಗೆ ಹತ್ತಿರದ ಉದಾಹರಣೆ ‘ಜೈ ಹೋ’. 2010ರಲ್ಲಿ ಅದಕ್ಕೆ ಬಂದದ್ದು ದೃಶ್ಯ ಮಾಧ್ಯಮಕ್ಕಾಗಿ ಬರೆದ ಅತ್ಯುತ್ತಮ ಹಾಡು ಎಂಬ ಗ್ರ್ಯಾಮಿ. ಅದೂ ಬರೆದವರಿಗೆ ಕೊಡುವ ಪ್ರಶಸ್ತಿಯೇ. ಹಾಗಾಗಿ ಪಟ್ಟಿಯಲ್ಲಿ ಮೂರು ಹೆಸರು: ಗುಲ್ಜಾರ್, ಎ.ಆರ್. ರೆಹಮಾನ್, ತನ್ವಿ ಶಾ. ತನ್ವಿ ಅದರ ಸ್ಪ್ಯಾನಿಷ್ ಸಾಲುಗಳನ್ನು ಬರೆದವರು. ಇಡೀ ದೇಶಕ್ಕೆ ಆ ಹಾಡು ಪರಿಚಯವಾದದ್ದು ಸುಖವಿಂದರ್ ಸಿಂಗ್ ಅವರ ಗಟ್ಟಿ ದನಿಯಿಂದ. ಅವರ ಹೆಸರು ಆ ಪ್ರಶಸ್ತಿಯಲ್ಲಿ ಇಲ್ಲ. ಅನ್ಯಾಯ ಅನಿಸುತ್ತದೆ. ನನಗೂ ಅನಿಸುತ್ತದೆ. ಆದರೆ ಪ್ರಶಸ್ತಿ ಹಾಡುಗಾರಿಕೆಗೆ ಆಗಿರಲಿಲ್ಲ ಎನ್ನುವುದೂ ನಿಜ.

ಹಾಡದೇ ಹಾಡುಗಾರಿಕೆಯ ಪ್ರಶಸ್ತಿ ಪಡೆದವರೂ ಇದ್ದಾರೆ! 1990ರಲ್ಲಿ ಮಿಲಿ ವನಿಲಿ ಎಂಬ ಜೋಡಿಗೆ ಹೊಸ ಕಲಾವಿದರ ಗ್ರ್ಯಾಮಿ ಸಿಕ್ಕಿತು. ಅದೇ ವರ್ಷದ ಕೊನೆಗೆ ಗುಟ್ಟು ಹೊರಬಿತ್ತು. ರೆಕಾರ್ಡಿನಲ್ಲಿದ್ದ ದನಿ ಅವರದ್ದಾಗಿರಲಿಲ್ಲ, ಇವರು ಬರೀ ತುಟಿ ಆಡಿಸಿದ್ದರು. ಅಕಾಡೆಮಿ ಪ್ರಶಸ್ತಿ ವಾಪಸ್ ತೆಗೆದುಕೊಂಡಿತು.

ಆಲ್ಬಂ ಗೆದ್ದರೆ ಎಲ್ಲರೂ ಗೆದ್ದಂತೆಯೇ?

ಅಲ್ಲ. ಇಲ್ಲಿ ಶೇಕಡಾ ಲೆಕ್ಕ ಬರುತ್ತದೆ. ಹೆಚ್ಚಿನ ವಿಭಾಗಗಳಲ್ಲಿ ಆಲ್ಬಂನ ಮುಖ್ಯ ಕಲಾವಿದರಿಗೆ ಟ್ರೋಫಿ. ಜೊತೆಗೆ ಆಲ್ಬಂನ ಅರ್ಧಕ್ಕಿಂತ ಜಾಸ್ತಿ ಹೊತ್ತಿನ ಕೆಲಸ ಮಾಡಿದ ಪ್ರೊಡ್ಯೂಸರ್, ಎಂಜಿನಿಯರ್‌ಗಳಿಗೆ. ‘ವರ್ಷದ ಆಲ್ಬಂ’ ವಿಭಾಗದಲ್ಲಿ ಸ್ವಲ್ಪ ಉದಾರ: 20 ಶೇಕಡಾ ಸಾಕು. ಅಂದರೆ 50 ನಿಮಿಷದ ಆಲ್ಬಂನಲ್ಲಿ 10 ನಿಮಿಷದಷ್ಟು ನಿಮ್ಮ ಕೆಲಸ ಇದ್ದರೆ ಟ್ರೋಫಿ. 9 ನಿಮಿಷ ಇದ್ದರೆ ಇಲ್ಲ.

ಅಷ್ಟು ಪಾಲು ಇಲ್ಲದವರು ವಿಜೇತ ಆಲ್ಬಂನಲ್ಲಿ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟ್ ತರಿಸಿಕೊಳ್ಳಬಹುದು. ಒಂದು ಟ್ರ್ಯಾಕಿಗೆ ಕೊಳಲು ನುಡಿಸಿದವರು, ಕೋರಸ್ ಹಾಡಿದವರು ಸಾಮಾನ್ಯವಾಗಿ ಈ ಸಾಲಿನಲ್ಲಿ ಬರುತ್ತಾರೆ. ಅದು ನಿಜವಾದ ಗೌರವವೇ. ಗೆದ್ದ ಆಲ್ಬಂನಲ್ಲಿ ಒಂದು ಟ್ರ್ಯಾಕ್ ನುಡಿಸುವುದು ಸುಮ್ನೆ ಆಗುವ ಕೆಲಸವಲ್ಲ. ‘ಗ್ರ್ಯಾಮಿ ವಿಜೇತ ಆಲ್ಬಂನಲ್ಲಿ ನುಡಿಸಿದವರು’ ಎಂದು ಬರೆದರೆ ಅದೂ ಕಮ್ಮಿಯೇನಲ್ಲ. ಆದರೆ ಬ್ಯಾನರಿನಲ್ಲಿ ಅಷ್ಟು ಉದ್ದಕ್ಕೆ ಜಾಗ ಇರುವುದಿಲ್ಲ, ಏನು ಮಾಡುವುದು.

ಹಳೆಯ ಒಂದು ಪ್ರಸಂಗ ನೋಡಿ. ವರ್ಲ್ಡ್ ಮ್ಯೂಸಿಕ್ ಎಂಬ ವಿಭಾಗ ಶುರುವಾಗಿ ಮೊದಲ ಸಲ ಪ್ರಶಸ್ತಿ ಕೊಟ್ಟದ್ದು 1992ರಲ್ಲಿ. ಗೆದ್ದದ್ದು ‘ಪ್ಲಾನೆಟ್ ಡ್ರಮ್’ ಎಂಬ ಆಲ್ಬಂ. ಅದರಲ್ಲಿ ಜಾಕಿರ್ ಹುಸೇನರ ತಬಲಾ ಇತ್ತು, ವಿಕ್ಕು ವಿನಾಯಕರಾಂ ಅವರ ಘಟಂ ಇತ್ತು. ಆಲ್ಬಂ ಹೊರಬಂದದ್ದು ಅಮೆರಿಕದ ಡ್ರಮ್ಮರ್ ಮಿಕಿ ಹಾರ್ಟ್ ಹೆಸರಿನಲ್ಲಿ. ಜಾಕಿರ್ ಅವರ ಗ್ರ್ಯಾಮಿ ಎಷ್ಟು ಎಂದು ಎಣಿಸುವಾಗ ಇದನ್ನು ಬಿಟ್ಟು ನಾಲ್ಕು ಎನ್ನುವುದೇ ರೂಢಿ: 2009ರಲ್ಲಿ ಒಂದು, 2024ರಲ್ಲಿ ಒಂದೇ ದಿನ ಮೂರು.

ಆ 2024ರ ದಿನ ಸರಿಯಾಗಿ ನೆನಪಿಟ್ಟುಕೊಳ್ಳುವಂಥದ್ದು. ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’ ಅತ್ಯುತ್ತಮ ಗ್ಲೋಬಲ್ ಮ್ಯೂಸಿಕ್ ಆಲ್ಬಂ ಆಯಿತು. ಇದು ಇಡೀ ತಂಡದ ಹೆಸರಿನ ಆಲ್ಬಂ. ಹಾಗಾಗಿ ಗಿಟಾರಿನ ಜಾನ್ ಮ್ಯಾಕ್‌ಲಾಫ್ಲಿನ್, ಜಾಕಿರ್ ಹುಸೇನ್, ಗಾಯಕ ಶಂಕರ್ ಮಹದೇವನ್, ಪಿಟೀಲಿನ ಗಣೇಶ್ ರಾಜಗೋಪಾಲನ್, ತಾಳವಾದ್ಯದ ಸೆಲ್ವಗಣೇಶ್ ಎಲ್ಲರೂ ವಿಜೇತರು. ಸೆಲ್ವಗಣೇಶ್ ಯಾರೆಂದರೆ ಅದೇ ವಿಕ್ಕು ವಿನಾಯಕರಾಂ ಅವರ ಮಗ. ಬ್ಯಾಂಜೊದ ಬೇಲಾ ಫ್ಲೆಕ್ ಮತ್ತು ಬಾಸ್‌ನ ಎಡ್ಗರ್ ಮೇಯರ್ ಜೊತೆ ಜಾಕಿರ್ ಮಾಡಿದ ಆಲ್ಬಂಗೆ ಒಂದು, ಅದೇ ಆಲ್ಬಂನ ‘ಪಶ್ತೋ’ ಎಂಬ ಟ್ರ್ಯಾಕಿಗೆ ಇನ್ನೊಂದು ಪ್ರಶಸ್ತಿ ಬಂತು. ಆ ಎರಡರಲ್ಲೂ ಕೊಳಲು ರಾಕೇಶ್ ಚೌರಾಸಿಯಾ ಅವರದ್ದು. ಕವರ್ ಮೇಲೆ ಅವರ ಹೆಸರೂ ಅಚ್ಚಾಗಿತ್ತು. ಅವರಿಗೆ ಎರಡು ಗ್ರ್ಯಾಮಿ. ಕಲಾವಿದರಾಗಿ ಹೆಸರು ಅಚ್ಚಾಗಿದ್ದರೆ ಒಂದು ಲೆಕ್ಕ, ಒಳಗಿನ ಚಿಕ್ಕ ಅಕ್ಷರದಲ್ಲಿ ಇದ್ದರೆ ಇನ್ನೊಂದು ಲೆಕ್ಕ. ಆ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು.

ನಮ್ಮವರು ಗೆಲ್ಲುವ ವಿಭಾಗಗಳು

ಯಾವ ವಿಭಾಗದಲ್ಲಿ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. 1968ರಲ್ಲಿ ರವಿಶಂಕರ್ ಗ್ರ್ಯಾಮಿ ಗೆದ್ದ ಮೊದಲ ಭಾರತೀಯರಾದರು. ಪಿಟೀಲು ವಾದಕ ಯೆಹೂದಿ ಮೆನುಹಿನ್ ಜೊತೆಗಿನ ಆಲ್ಬಂಗೆ. ಯಾವ ವಿಭಾಗ ಗೊತ್ತುಂಟಾ? ಚೇಂಬರ್ ಮ್ಯೂಸಿಕ್, ಅಂದರೆ ಕೆಲವೇ ವಾದಕರು ಕೂತು ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಸಿತಾರನ್ನು ಇಡಲು ಅಮೆರಿಕದವರಿಗೆ ಬೇರೆ ಖಾನೆಯೇ ಇರಲಿಲ್ಲ. ವರ್ಲ್ಡ್ ಮ್ಯೂಸಿಕ್ ಬಂದ ಮೇಲೆ 1994ರಲ್ಲಿ ವಿಶ್ವಮೋಹನ ಭಟ್ ಆ ವಿಭಾಗದಲ್ಲಿ ರೈ ಕೂಡರ್ ಜೊತೆ ಗೆದ್ದರು. ಈಗ ಅದರ ಹೆಸರು ಗ್ಲೋಬಲ್ ಮ್ಯೂಸಿಕ್.

ಕರ್ನಾಟಕದವರಿಗೆ ಗ್ರ್ಯಾಮಿ ಎಂದರೆ ಬೆಂಗಳೂರಿನ ರಿಕ್ಕಿ ಕೇಜ್. ಅವರದ್ದು ಹೆಚ್ಚಾಗಿ ನ್ಯೂ ಏಜ್ ವಿಭಾಗ. ಧ್ಯಾನ, ಪ್ರಕೃತಿ, ಮನಸ್ಸಿಗೆ ನೆಮ್ಮದಿ ಕೊಡುವ ನಿಧಾನದ ಸಂಗೀತ ಎಂದುಕೊಳ್ಳಿ. 2015ರಲ್ಲಿ ದಕ್ಷಿಣ ಆಫ್ರಿಕಾದ ಕೊಳಲು ವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಮೊದಲ ಗೆಲುವು. 2022ರಲ್ಲಿ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ಜೊತೆ ‘ಡಿವೈನ್ ಟೈಡ್ಸ್’ ಗೆ ಎರಡನೆಯದು. 2023ರಲ್ಲಿ ಮೂರನೆಯದು, ಅದೂ ‘ಡಿವೈನ್ ಟೈಡ್ಸ್’ ಗೇ! ಆಗ ತುಂಬ ಜನ ಕೇಳಿದರು, ಒಂದೇ ಆಲ್ಬಂ ಎರಡು ಸಲ ಹೇಗೆ?

ಮೂರನೆಯದು ಇಮ್ಮರ್ಸಿವ್ ಆಡಿಯೋ ವಿಭಾಗದ್ದು. ಸ್ಟೀರಿಯೊದಲ್ಲಿ ಶಬ್ದ ಎಡಕ್ಕೆ ಅಥವಾ ಬಲಕ್ಕೆ. ಇಮ್ಮರ್ಸಿವ್‌ನಲ್ಲಿ ಹಿಂದೆ, ಮುಂದೆ, ತಲೆಯ ಮೇಲೆ ಎಲ್ಲ ಕಡೆಯಿಂದ ಬರುವಂತೆ ಮಿಕ್ಸ್ ಮಾಡುತ್ತಾರೆ. ಸಂಗೀತ ಅದೇ, ಕೇಳಿಸುವ ಬಗೆ ಹೊಸದು. ಆ ಹೊಸ ಮಿಕ್ಸಿಂಗ್ ಕೆಲಸಕ್ಕೆ ಆ ಪ್ರಶಸ್ತಿ. ಅದಕ್ಕೇ ಮಿಕ್ಸ್ ಮಾಡಿದ ಎರಿಕ್ ಶಿಲ್ಲಿಂಗ್ ಅವರ ಹೆಸರೂ ಅದರಲ್ಲಿದೆ.

2025ರ ನ್ಯೂ ಏಜ್ ಪಟ್ಟಿಯಂತೂ ಕತೆಯಂತಿದೆ. ಐದು ನಾಮಿನೇಷನ್‌ಗಳಲ್ಲಿ ನಾಲ್ಕರಲ್ಲಿ ಭಾರತದ ನಂಟು: ರಿಕ್ಕಿ ಕೇಜ್, ಅನುಷ್ಕಾ ಶಂಕರ್, ರಾಧಿಕಾ ವೇಕರಿಯಾ, ಮತ್ತೆ ಚೆನ್ನೈ ಮೂಲದ ಚಂದ್ರಿಕಾ ಟಂಡನ್. ಐದನೆಯವರು ಜಪಾನಿನ ರ್ಯುಯಿಚಿ ಸಕಮೊಟೊ. ಗೆದ್ದದ್ದು ಚಂದ್ರಿಕಾ ಅವರ ‘ತ್ರಿವೇಣಿ’. ಅದರಲ್ಲಿ ಚೆಲ್ಲೊ ವಾದಕಿ ಎರು ಮತ್ಸುಮೊಟೊ ಜೊತೆ ಕೊಳಲು ನುಡಿಸಿದವರು ಯಾರು ಹೇಳಿ? ವೌಟರ್ ಕೆಲ್ಲರ್‌ಮನ್. ಹತ್ತು ವರ್ಷ ಹಿಂದೆ ರಿಕ್ಕಿ ಜೊತೆ ಗೆದ್ದವರು ಈ ಸಲ ಅವರ ಎದುರು ನಿಂತು ಗೆದ್ದರು.

‘ಅದು ಸಣ್ಣ ವಿಭಾಗ, ಅಲ್ಲಿ ಗೆಲ್ಲುವುದು ಸುಲಭ’ ಎಂದು ಮೂಗು ಮುರಿಯುವವರಿದ್ದಾರೆ. ಪಾಪ್, ರ‍್ಯಾಪ್‌ನಷ್ಟು ನೂಕುನುಗ್ಗಲು ಅಲ್ಲಿಲ್ಲ ಎನ್ನುವುದು ಸರಿ. ಆದರೆ ಐದರಲ್ಲಿ ಒಂದಾಗಿ, ಅನುಷ್ಕಾ ಮತ್ತು ಸಕಮೊಟೊ ಅಂಥವರ ಎದುರು ಗೆಲ್ಲುವುದನ್ನು ಸುಲಭ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಯಾವ ವಿಭಾಗ ಎಂದು ಸುದ್ದಿಯಲ್ಲಿ ಬರೆದರೆ ಸಾಕು, ಉಳಿದದ್ದನ್ನು ಓದುವವರು ತೂಗಿಕೊಳ್ಳುತ್ತಾರೆ.

ಮತ ಹಾಕುವವರು

ತೀರ್ಪುಗಾರರ ಪೀಠ ಎಂಬುದು ಇಲ್ಲ. ಮತ ಹಾಕುವವರು ಅಕಾಡೆಮಿಯ ಸದಸ್ಯರಾದ ಗಾಯಕರು, ವಾದಕರು, ಹಾಡು ಬರೆಯುವವರು, ಎಂಜಿನಿಯರ್‌ಗಳು. ಪತ್ರಕರ್ತರಿಗೆ, ಅಭಿಮಾನಿಗಳಿಗೆ ಮತ ಇಲ್ಲ. ಯೂಟ್ಯೂಬ್ ವ್ಯೂಸ್ ಎಷ್ಟು ಎಂಬುದೂ ಲೆಕ್ಕಕ್ಕೆ ಬರುವುದಿಲ್ಲ. ಆ ನಾಲ್ಕು ದೊಡ್ಡ ವಿಭಾಗಗಳೂ ಸೇರಿ ಆರು ಮುಖ್ಯ ವಿಭಾಗಗಳಿಗೆ ಎಲ್ಲರೂ ಮತ ಹಾಕಬಹುದು. ಅದರ ಮೇಲೆ, ತಮಗೆ ಗೊತ್ತಿರುವ ಮೂರು ಕ್ಷೇತ್ರಗಳೊಳಗೆ (ಕ್ಷೇತ್ರ ಎಂದರೆ ಹತ್ತಿರದ ವಿಭಾಗಗಳ ಗುಂಪು) ಗರಿಷ್ಠ 10 ವಿಭಾಗ. ಗೊತ್ತಿಲ್ಲದ ಕಡೆ ಕಣ್ಣು ಮುಚ್ಚಿ ಒತ್ತಬಾರದು ಎಂದು ಈ ಮಿತಿ. ಎಣಿಸುವುದು ಡೆಲಾಯ್ಟ್ ಎಂಬ ಲೆಕ್ಕಪತ್ರ ಸಂಸ್ಥೆ. ಯಾರಿಗೆ ಎಷ್ಟು ಮತ ಬಿತ್ತು ಎಂದು ಹೊರಗೆ ಹೇಳುವುದೇ ಇಲ್ಲ.

ಅರ್ಧಕ್ಕಿಂತ ಜಾಸ್ತಿ ಮತ ಬೇಕೆಂದೂ ಇಲ್ಲ. ಉಳಿದವರಿಗಿಂತ ಒಂದು ಜಾಸ್ತಿ ಇದ್ದರೆ ಸಾಕು. ಎಂಟು ಮಂದಿ ಇರುವ ವಿಭಾಗದಲ್ಲಿ ಮತ ಸಮನಾಗಿ ಹಂಚಿಹೋದರೆ 13 ಶೇಕಡಾ ಮತದಲ್ಲೂ ಒಬ್ಬರು ಗೆಲ್ಲಬಹುದು. ನಮ್ಮ ಪಂಚಾಯತ್ ಚುನಾವಣೆಯ ಲೆಕ್ಕವೂ ಇದೇ ತಾನೇ. ಅತಿ ಜನಪ್ರಿಯರು ಸೋತಾಗ ‘ಮೋಸ’ ಎಂದು ಕೂಗುವ ಮೊದಲು ಈ ಲೆಕ್ಕ ನೆನಪಿರಲಿ. ಅಮೆರಿಕದ ಗಾಯಕಿ ಬಿಯಾನ್ಸೆ ಅವರನ್ನೇ ನೋಡಿ. 2023ರಲ್ಲೇ ಜಗತ್ತಿನಲ್ಲಿ ಅತಿ ಹೆಚ್ಚು ಗ್ರ್ಯಾಮಿ ಗೆದ್ದವರು ಎನಿಸಿಕೊಂಡರು. ವರ್ಷದ ಆಲ್ಬಂ ಸಿಕ್ಕಿದ್ದು ಮಾತ್ರ 2025ರಲ್ಲಿ.

ಹಾಗೆಂದು ವ್ಯವಸ್ಥೆ ಚೊಕ್ಕ ಎಂದಲ್ಲ. ಹಿಂದೆ ಹಲವು ವಿಭಾಗಗಳಲ್ಲಿ ಮೊದಲ ಸುತ್ತಿನ ಮತ ಎಣಿಸಿದ ಮೇಲೆ ಹೆಸರು ಗೊತ್ತಿಲ್ಲದ ಸಮಿತಿಗಳು ಕೂತು ಅಂತಿಮ ನಾಮಿನೇಷನ್ ಆರಿಸುತ್ತಿದ್ದವು. 2020ರಲ್ಲಿ ಜಗತ್ತೇ ಕೇಳಿದ ‘ಬ್ಲೈಂಡಿಂಗ್ ಲೈಟ್ಸ್’ ಹಾಡಿನ ಗಾಯಕ ದಿ ವೀಕೆಂಡ್‌ಗೆ ಒಂದೂ ನಾಮಿನೇಷನ್ ಬರಲಿಲ್ಲ. ದೊಡ್ಡ ಗಲಾಟೆಯಾಯಿತು. 2021ರಲ್ಲಿ ಬಹುತೇಕ ವಿಭಾಗಗಳಿಂದ ಆ ಸಮಿತಿಗಳನ್ನು ತೆಗೆದುಹಾಕಿದರು.

ಇಲ್ಲಿಂದ ಒಂದು ತುಳು ಹಾಡು ಹೋದರೆ

ಮಣಿಪಾಲದ ಹಾಸ್ಟೆಲ್ ಬ್ಯಾಂಡ್‌ಗಳವರು, ಸುರತ್ಕಲ್‌ನಲ್ಲಿ ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡವರು ಕೇಳುವುದು ಇದನ್ನೇ: ನಮ್ಮದು ಹೋಗಬಹುದಾ? ಹೋಗಬಹುದು. ಭಾಷೆಯ ಅಡ್ಡಿ ಇಲ್ಲ. ಸಿ.ಡಿ. ಮಾಡಬೇಕೆಂದಿಲ್ಲ, ಅಮೆರಿಕದಲ್ಲೂ ಸಿಗುವಂತೆ ಸ್ಟ್ರೀಮಿಂಗ್‌ನಲ್ಲಿ ಬಿಡುಗಡೆ ಆಗಿದ್ದರೆ ಸಾಕು. ಸಲ್ಲಿಸಲು ಒಬ್ಬ ಸದಸ್ಯರೋ ನೋಂದಾಯಿತ ಕಂಪನಿಯೋ ಬೇಕು. ಎಐ ಉಪಯೋಗಿಸಿದ್ದರೆ ಮನುಷ್ಯರ ಕೆಲಸ ಅದರಲ್ಲಿ ಗಣನೀಯವಾಗಿ ಇರಬೇಕು. ಪ್ರಶಸ್ತಿ ಹೋಗುವುದು ಮನುಷ್ಯರಿಗೆ ಮಾತ್ರ.

ನಮ್ಮ ಕಡೆ ಬಹಳ ಸಡಿಲ ಇರುವುದು ಇನ್ನೊಂದು ಕಡೆ. ತುಳು, ಕೊಂಕಣಿ ಹಾಡುಗಳ ವಿಡಿಯೊ ಕೆಳಗೆ ನೋಡಿ. ಅರ್ಪಿಸುವವರು, ಸಹಕಾರ ಕೊಟ್ಟವರು, ಕ್ಯಾಟರಿಂಗ್‌ನವರ ಹೆಸರೆಲ್ಲ ಇರುತ್ತದೆ. ಮಿಕ್ಸಿಂಗ್ ಯಾರು, ಮಾಸ್ಟರಿಂಗ್ ಯಾರು, ಟ್ರ್ಯಾಕ್ ಮಾಡಿದ್ದು ಯಾರು ಎಂದು ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ರಾಗ ಹಾಕಿದ್ದು ಒಬ್ಬರೇ, ಇಬ್ಬರೇ ಎಂಬುದು ಆಮೇಲೆ ಜಗಳಕ್ಕೆ ಬರುತ್ತದೆ. ಯಾರಿಗೆ ಟ್ರೋಫಿ, ಯಾರಿಗೆ ಸರ್ಟಿಫಿಕೇಟ್ ಎಂದು ತೀರ್ಮಾನ ಆಗುವುದು ಈ ಕ್ರೆಡಿಟ್ ಪಟ್ಟಿಯ ಮೇಲೆ. ಬಿಡುಗಡೆಗೆ ಮೊದಲೇ ಎಲ್ಲರೂ ಕೂತು, ಯಾರು ಏನು ಮಾಡಿದ್ದು ಎಂದು ಬರೆದು, ಅದೇ ಸ್ಪೆಲ್ಲಿಂಗಿನಲ್ಲಿ ಎಲ್ಲ ಕಡೆ ಹಾಕಿಬಿಡಿ. ಗ್ರ್ಯಾಮಿಗೆ ಹೋಗದಿದ್ದರೂ ರಾಯಲ್ಟಿಯ ಲೆಕ್ಕಕ್ಕೆ ಬೇಕಾಗುತ್ತದೆ.

ಯಾರಾದರೂ ‘ಗ್ರ್ಯಾಮಿ ವಿಜೇತ’ ಎಂದು ಪರಿಚಯಿಸಿಕೊಂಡರೆ ಪರೀಕ್ಷೆ ಮಾಡುವುದೂ ಸುಲಭ. ಗ್ರ್ಯಾಮಿಯ ಅಧಿಕೃತ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿ. ಎಷ್ಟು ಗೆಲುವು, ಎಷ್ಟು ನಾಮಿನೇಷನ್, ಯಾವ ಕೆಲಸಕ್ಕೆ ಎಂದು ಬರುತ್ತದೆ. ಸನ್ಮಾನ ಸಮಿತಿಯವರು ಶಾಲಿಗೆ ಆರ್ಡರ್ ಕೊಡುವ ಮೊದಲು ಇಷ್ಟು ಮಾಡಿದರೆ ಸಾಕು. ದುಡ್ಡಿನ ಆಸೆಯಿಂದ ಗ್ರ್ಯಾಮಿ ಹಿಂದೆ ಬೀಳುವವರಿಗೆ ಇನ್ನೊಂದು ಮಾತು: ಇದರಲ್ಲಿ ನಗದು ಬಹುಮಾನ ಇಲ್ಲ. ವೇದಿಕೆಯಲ್ಲಿ ಕೈಗೆ ಕೊಡುವ ಗ್ರಾಮಫೋನ್ ಆಕಾರದ ಟ್ರೋಫಿ ಕೂಡ ಫೋಟೊಗೆ ಮಾತ್ರ, ಇಳಿದ ಮೇಲೆ ವಾಪಸ್ ಕೊಡಬೇಕು. ಯಾರು ಗೆಲ್ಲುತ್ತಾರೆ ಎಂದು ಮೊದಲೇ ಗೊತ್ತಿಲ್ಲದಿರುವಾಗ ಹೆಸರು ಕೆತ್ತುವುದು ಹೇಗೆ? ಅಸಲಿ ಟ್ರೋಫಿಯನ್ನು ಕೊಲೊರಾಡೊದ ರಿಡ್ಜ್‌ವೇ ಎಂಬ ಪುಟ್ಟ ಊರಿನಲ್ಲಿ ಬೆರಳೆಣಿಕೆಯ ಮಂದಿ ಕೈಯಿಂದಲೇ ಮಾಡುತ್ತಾರೆ. ಕ್ರೆಡಿಟ್ ಪಟ್ಟಿ ನೋಡಿ ಹೆಸರು ಕೆತ್ತಿ, ಆಮೇಲೆ ಮನೆಗೆ ಕಳಿಸುತ್ತಾರೆ.